ಕದಿರಮ್ಮನ ಕೈಗೆ ತಿಳಿದಿತ್ತು

ಉದ್ದನಪಲ್ಲಿಯ ಕದಿರಮ್ಮ ಸೂಲಗಿತ್ತಿಯಲ್ಲ. ಮಗುವನ್ನು ಹಿಡಿಯುವ ಕೆಲಸ ನಾರಾಯಣಮ್ಮನದು. ಕದಿರಮ್ಮನ ಕೆಲಸ ಅದಕ್ಕಿಂತ ಮೊದಲಿನದು, ಬಸುರಿಯ ಮೈಯನ್ನು ಹೆರಿಗೆಗೆ ಅಣಿಮಾಡುವುದು. ಅದನ್ನು ಅವಳು ಕಲಿತದ್ದು ಗಂಡನ ಮನೆಯಲ್ಲಿ, ಅತ್ತೆಯ ಪಕ್ಕದಲ್ಲಿ ಕೂತು.

ಹೊಟ್ಟೆ ಕಾಣಿಸಿಕೊಳ್ಳುವ ಹೊತ್ತಿಗೆ ಸುತ್ತಲ ಹಳ್ಳಿಗಳ ಹೆಂಗಸರು ಅವಳ ಬಾಗಿಲಿಗೆ ಬರುತ್ತಿದ್ದರು. ಅವಳು ಮೊದಲು ಅಂಗಳದಲ್ಲಿ ನಡೆಸಿ ನೋಡುವಳು. ಹೆಜ್ಜೆ ಯಾವ ಕಡೆಗೆ ವಾಲುತ್ತದೆ, ಕೂತವಳು ಏಳುವಾಗ ಕೈ ಎಲ್ಲಿಗೆ ಹೋಗುತ್ತದೆ, ಎಲ್ಲ ಗಮನಿಸುವಳು. ಆಮೇಲೆ ಬೆಚ್ಚಗಿನ ಹರಳೆಣ್ಣೆ ಹಚ್ಚಿ ಬೆನ್ನಿನ ಕೆಳಭಾಗ, ಸೊಂಟ, ತೊಡೆಗಳನ್ನು ನೀವುವಳು. ತೊಲೆಗೆ ಕಟ್ಟಿದ ಹಗ್ಗ ಹಿಡಿದು ಕುಕ್ಕರಗಾಲಲ್ಲಿ ಕೂತು ಏಳುವುದನ್ನು ಕಲಿಸುವಳು. ನೋವು ಬಂದಾಗ ಉಸಿರು ಬಿಗಿಹಿಡಿಯದೆ ಉದ್ದಕ್ಕೆ ಬಿಡುವುದನ್ನು ಎದುರಿಗೆ ಕೂರಿಸಿಕೊಂಡು ಅಭ್ಯಾಸ ಮಾಡಿಸುವಳು. ಕೆಲವರಿಗೆ ಬಸುರಿನಲ್ಲಿ ಸೊಂಟದ ಕೀಲು ಸಡಿಲವಾಗುತ್ತದೆ. ಅಂಥವರನ್ನು ಮಾತ್ರ ಕುಕ್ಕರಗಾಲಲ್ಲಿ ಕೂರಿಸುತ್ತಿರಲಿಲ್ಲ. ಹಳೆಯ ಸೀರೆಯನ್ನು ಮಡಿಸಿ ಸೊಂಟದ ಎಲುಬಿನ ಸುತ್ತ ಬಿಗಿಯಾಗಿ ಕಟ್ಟಿ, ಭಾರ ಎತ್ತಬೇಡ, ರಾಗಿ ಬೀಸಬೇಡ, ಮಗ್ಗುಲಾಗುವಾಗ ಮೊಣಕಾಲು ಜೋಡಿಸಿಕೊ ಎಂದು ಹೇಳಿ ಕಳಿಸುವಳು.

ಅವಳ ಮಾತನ್ನು ಯಾವ ಮನೆಯವರೂ ಮೀರುತ್ತಿರಲಿಲ್ಲ. ಕದಿರಮ್ಮ ಬೀಸಬೇಡ ಅಂದರೆ ಎಂಥ ಬಿರುಸಿನ ಅತ್ತೆಯೂ ಸೊಸೆಯನ್ನು ಬೀಸುಕಲ್ಲಿನ ಮುಂದಿನಿಂದ ಎಬ್ಬಿಸುತ್ತಿದ್ದಳು.

ಗಂಡ ತೀರಿಕೊಂಡ ಮೇಲೆ ಅವಳು ಮಗಳು ಭದ್ರಮ್ಮನನ್ನು ಕರೆದುಕೊಂಡು ಹುಟ್ಟಿದೂರಿಗೆ ಬಂದಿದ್ದಳು. ಅಣ್ಣ ಆವುಲಪ್ಪ ತನ್ನ ಮನೆಯ ಪಕ್ಕದಲ್ಲೇ ಎರಡಂಕಣದ ಮನೆ ಬಿಟ್ಟುಕೊಟ್ಟಿದ್ದ. ಅಣ್ಣನಿಗೆ ಒಬ್ಬನೇ ಮಗ, ಚಿನ್ನಪ್ಪ. ಭದ್ರಮ್ಮನಿಗೂ ಅವನಿಗೂ ಗಂಟುಹಾಕುವುದು ಎಂದು ಮಕ್ಕಳು ಚಿಕ್ಕವರಿದ್ದಾಗಲೇ ದೊಡ್ಡವರು ಆಡಿಕೊಂಡಿದ್ದರು. ಕದಿರಮ್ಮ ಆ ಮಾತನ್ನೇ ನೆಚ್ಚಿಕೊಂಡಿದ್ದಳು. ಮಗಳು ಗೋಡೆಯಾಚೆಗೇ ಇರುತ್ತಾಳೆ, ತಾನು ಒಂಟಿಯಾಗುವುದಿಲ್ಲ ಎಂಬುದು ಅವಳ ಲೆಕ್ಕ.

ಅತ್ತಿಗೆ ದೊಡ್ಡಮುನಿಯಮ್ಮನ ಲೆಕ್ಕ ಬೇರೆಯಿತ್ತು. ನಾದಿನಿಯೇ ಬೀಗಿತಿಯಾದರೆ ಒಲೆಯ ಮುಂದೆ ತನ್ನ ಮಾತು ನಡೆಯುವುದಿಲ್ಲ ಎಂದು ಅವಳಿಗೆ ಅಳುಕು. ಎರಡನೇ ಮಹಾಯುದ್ಧ ಶುರುವಾಗಿ ಮೂರು ವರ್ಷವಾಗಿತ್ತು. ಕುರಿ ಕೊಳ್ಳಲು ಅಂಚೆಟ್ಟಿ ಕಡೆಗೆ ಹೋದ ಆವುಲಪ್ಪ ಅಲ್ಲೊಂದು ಮನೆಯಲ್ಲಿ ಚಿನ್ನಪ್ಪನಿಗೆ ಹೆಣ್ಣು ನೋಡಿ ಬಂದ. ಮುಂದಿನ ತಿಂಗಳಲ್ಲಿ ಮದುವೆಯೂ ಆಗಿಹೋಯಿತು. ಕದಿರಮ್ಮನಿಗೆ ತಿಳಿಸಿದ್ದು ವೀಳ್ಯ ಬದಲಾಯಿಸಿದ ಮೇಲೆ.

ಅವಳು ಜಗಳ ಮಾಡಲಿಲ್ಲ. ಚಪ್ಪರದ ಕೆಲಸಕ್ಕೆ ಎಲ್ಲರಿಗಿಂತ ಮೊದಲು ಹೋದಳು, ಆರತಿ ಹಿಡಿದಳು. ಆದರೆ ಬಾಗಿಲಲ್ಲಿ ಸೇರು ಒದ್ದು ಒಳಗೆ ಬಂದ ಆ ಹುಡುಗಿ ಪಾಪಮ್ಮನ ಮುಖವನ್ನು ಕಣ್ಣೆತ್ತಿ ನೋಡಲಿಲ್ಲ. ಮರುವರ್ಷ ಭದ್ರಮ್ಮನನ್ನು ತಳಿಯ ಹತ್ತಿರದ ಊರಿಗೆ ಕೊಟ್ಟು, ಎರಡಂಕಣದ ಮನೆಯಲ್ಲಿ ಕದಿರಮ್ಮ ಒಬ್ಬಳೇ ಉಳಿದಳು.

ಪಾಪಮ್ಮ ಕಾಡಂಚಿನಲ್ಲಿ ಬೆಳೆದವಳು, ಸಣಕಲು ಮೈಯ ಗಟ್ಟಿ ಹೆಣ್ಣು. ಹೊಳೆಯಂತೆ ನಗುತ್ತಿದ್ದಳು. ಬಸುರಾಗಿ ಆರು ತಿಂಗಳು ತುಂಬುವ ಹೊತ್ತಿಗೆ ಆ ನಗು ನಿಂತಿತು. ಹಾಸಿಗೆಯಲ್ಲಿ ಮಗ್ಗುಲಾಗುವಾಗ ಹಲ್ಲುಕಚ್ಚುತ್ತಿದ್ದಳು. ಹೊಸಿಲು ದಾಟಲು ಬಾಗಿಲವಾಡ ಹಿಡಿಯುತ್ತಿದ್ದಳು. ನಡೆದರೆ ಬಾತುಕೋಳಿಯಂತೆ ಅತ್ತಿತ್ತ ವಾಲುತ್ತಿದ್ದಳು. ದೊಡ್ಡಮುನಿಯಮ್ಮ ನಾದಿನಿಯನ್ನು ಕರೆಸಿದಳು.

"ನೋಡು ಕದಿರಿ, ಇವ್ಳು ಬೀಸುಕಲ್ ಮುಂದೆ ಕುಂತ್ರೆ ಅಳ್ತಾಳೆ. ನೀರು ತಾ ಅಂದ್ರೆ ದಾರೀಲೇ ನಿಂತ್ಕೊಂತಾಳೆ. ಏನಾಗೈತೆ ಇವ್ಳಿಗೆ, ನೋಡಿ ಹೇಳು."

ಕದಿರಮ್ಮ ಪಾಪಮ್ಮನನ್ನು ಚಾಪೆಯ ಮೇಲೆ ಮಲಗಿಸಿ ಸೊಂಟದ ಎರಡೂ ಬದಿಗೆ ಕೈಯಿಟ್ಟಳು. ಹೊಟ್ಟೆಯ ಕೆಳಗೆ ಮುಂದಿನ ಎಲುಬಿನ ಮೇಲೆ ಮೆತ್ತಗೆ ಬೆರಳೊತ್ತಿದಳು. ಹುಡುಗಿ ಚಾಪೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಕದಿರತ್ತೆ, ಗಾಡಿ ಅಚ್ಚು ಕಳಚ್ದಂಗೆ ಆಯ್ತದೆ. ಒಂದೊಂದು ಕಾಲು ಒಂದೊಂದು ಕಡೆ ಹೋಯ್ತದೆ" ಎಂದು ಪಾಪಮ್ಮ ಮೆಲ್ಲಗೆ ಹೇಳಿದಳು.

ಹೇಳಬೇಕಾಗಿಯೇ ಇರಲಿಲ್ಲ. ಕೀಲು ಸಡಿಲವಾಗಿದೆ, ಕಟ್ಟು ಹಾಕಬೇಕು, ಇನ್ನು ಬೀಸುವುದೂ ಹೊರುವುದೂ ಕೂಡದು ಎಂಬುದು ಕದಿರಮ್ಮನ ಕೈಗೆ ಮುಟ್ಟಿದ ಕೂಡಲೇ ತಿಳಿದುಹೋಗಿತ್ತು. ಅವಳು ತಲೆಯೆತ್ತಿದಳು. ಚಿನ್ನಪ್ಪ ಬಾಗಿಲಲ್ಲಿ ನಿಂತು ಹೆಂಡತಿಯನ್ನೇ ನೋಡುತ್ತಿದ್ದ. ಆ ಜಾಗದಲ್ಲಿ ಮಲಗಿರಬೇಕಾಗಿದ್ದವಳು ಭದ್ರಮ್ಮ ಎಂಬ ಯೋಚನೆ ಬಂತು. ಅದರ ಬೆನ್ನಿಗೇ ಮಾತೂ ಬಂತು.

"ಇವ್ಳಿಗೇನೂ ಆಗಿಲ್ಲ ಅತ್ತಿಗೆ. ಮೈಗಳ್ಳತನ. ಕೂರ್ಸಿ ಬೀಸ್ಸು, ಎಲ್ಲ ಸರಿಹೋಯ್ತದೆ."

ಎದ್ದು ಕೂರಲು ಪ್ರಯತ್ನಿಸುತ್ತಿದ್ದ ಪಾಪಮ್ಮ ಅಲ್ಲೇ ತಡೆದು ಕದಿರಮ್ಮನ ಮುಖ ನೋಡಿದಳು. ಸಿಟ್ಟಿನಿಂದಲ್ಲ. ತನಗೇ ತಪ್ಪು ತಿಳಿವಳಿಕೆ ಇರಬಹುದು, ಬಸುರೆಂದರೆ ಹೀಗೆಯೇ ಇರಬಹುದು ಎಂದು ನಂಬಲು ಹೊರಟವಳಂತೆ.

ಮಾರನೆಯ ದಿನದಿಂದ ಗೋಡೆಯಾಚೆಯಿಂದ ಬೀಸುಕಲ್ಲಿನ ಸದ್ದು ಬರತೊಡಗಿತು. ಸ್ವಲ್ಪ ಹೊತ್ತು ತಿರುಗಿ, ನಿಂತು, ಮತ್ತೆ ತಿರುಗುತ್ತಿತ್ತು. ಸದ್ದು ನಿಂತಾಗಲೆಲ್ಲ ಕದಿರಮ್ಮನ ಕೈಕೆಲಸವೂ ನಿಲ್ಲುತ್ತಿತ್ತು. ಹೋಗಿ ಹೇಳಿಬಿಡೋಣ, ಸರಿಯಾಗಿ ನೋಡಿರಲಿಲ್ಲ ಅಂದರಾಯಿತು ಎಂದು ದಿನವೂ ಅಂದುಕೊಳ್ಳುವಳು. ಒಂದು ಬೆಳಿಗ್ಗೆ ಎಣ್ಣೆ ಬಿಸಿಮಾಡಿ, ಹಳೆಯ ಸೀರೆಯೊಂದನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟಳು. ಹಿತ್ತಲ ಬೇಲಿಯ ಹತ್ತಿರ ಬಂದಾಗ ಚಿನ್ನಪ್ಪ ನೀರಿನ ಕೊಡವನ್ನು ತಾನೇ ಹೆಗಲ ಮೇಲೆ ಹೊತ್ತು ಬರುತ್ತಿದ್ದ. ಪಾಪಮ್ಮ ಹಿಂದೆ ಬೇಲಿಗೂಟ ಹಿಡಿಯುತ್ತ ಬರುತ್ತಿದ್ದಳು. ಅವನೇನೋ ಅಂದ. ಅವಳು ಬಹಳ ದಿನದ ಮೇಲೆ ನಕ್ಕಳು. ಕದಿರಮ್ಮ ಎಣ್ಣೆಯ ಬಟ್ಟಲು ಹಿಡಿದುಕೊಂಡೇ ಹಿಂದಿರುಗಿದಳು.

ಆ ಬೆಳಿಗ್ಗೆಯನ್ನು ಅವಳು ಆಮೇಲೆ ಎಷ್ಟು ಸಲ ನೆನೆದಳೋ. ಮೊದಲ ದಿನದ ಮಾತು ಬಾಯಿತಪ್ಪಿ ಬಂದದ್ದು ಅನ್ನಬಹುದಿತ್ತು. ಬೇಲಿಯ ಹತ್ತಿರದಿಂದ ಹಿಂದಿರುಗಿದ್ದಕ್ಕೆ ಆ ನೆಪ ಹೇಳಿಕೊಳ್ಳುವಂತಿರಲಿಲ್ಲ.

ಹೆರಿಗೆಯ ನೋವು ಒಂದು ಮಧ್ಯಾಹ್ನ ಶುರುವಾಗಿ ಮರುದಿನ ಮಧ್ಯಾಹ್ನವಾದರೂ ಮುಗಿಯಲಿಲ್ಲ. ನಾರಾಯಣಮ್ಮ ಸೋತು ಕದಿರಮ್ಮನಿಗೆ ಹೇಳಿಕಳಿಸಿದಳು. ಕದಿರಮ್ಮ ಒಳಗೆ ಬಂದಾಗ ಪಾಪಮ್ಮನ ತುಟಿ ಒಣಗಿತ್ತು. ಇಬ್ಬರು ಹೆಂಗಸರು ಅವಳ ಮೊಣಕಾಲುಗಳನ್ನು ಎರಡು ಕಡೆಗೆ ಎಳೆದು ಹಿಡಿದಿದ್ದರು.

"ಕಾಲು ಬುಡ್ರೇ. ಮಗ್ಗುಲಾಗಿ ಮಲಗ್ಸಿ" ಎಂದು ಕದಿರಮ್ಮ ಗದರಿದಳು. ತಾನೇ ಹಿಂದೆ ಕೂತು ಎರಡೂ ಅಂಗೈಗಳಿಂದ ಸೊಂಟವನ್ನು ಒತ್ತಿ ಹಿಡಿದು, ಉಸಿರು ಬಿಡುವುದನ್ನು ಕಿವಿಯಲ್ಲಿ ಹೇಳುತ್ತ ಹೋದಳು. ಆ ಉಸಿರನ್ನು ಪಾಪಮ್ಮ ಈಗ ಮೊದಲ ಸಲ ಕೇಳುತ್ತಿದ್ದಳು. ತಿಂಗಳುಗಳ ಹಿಂದೆ ಕಲಿಸಬೇಕಾಗಿದ್ದನ್ನು ಕದಿರಮ್ಮ ಕೊನೆಯ ಗಳಿಗೆಯಲ್ಲಿ ಕಲಿಸುತ್ತಿದ್ದಳು. ಇಳಿಹೊತ್ತಿಗೆ ಹೆಣ್ಣು ಮಗು ಹುಟ್ಟಿತು, ಅತ್ತಿತು. ಎಲ್ಲರೂ ನಿಟ್ಟುಸಿರುಬಿಟ್ಟರು.

ಬಾಣಂತಿಯನ್ನು ನೀರಿಗೆ ಎಬ್ಬಿಸಲು ಹೋದಾಗ ಗೊತ್ತಾಯಿತು. ಪಾಪಮ್ಮ ನಿಲ್ಲಲಾರಳು. ಸೊಂಟ ಭಾರ ಹೊರುತ್ತಿರಲಿಲ್ಲ. ಬಲಗಾಲಿನ ಪಾದವಂತೂ ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತಿತ್ತು.

ಗಾಡಿಯಲ್ಲಿ ಹುಲ್ಲು ಹಾಸಿ ಪೇಟೆಯ ಆಸ್ಪತ್ರೆಗೆ ಕರೆದೊಯ್ದರು. ಕೂಸನ್ನು ಮಡಿಲಲ್ಲಿಟ್ಟುಕೊಂಡು ಕದಿರಮ್ಮನೂ ಹೋದಳು. ಅಲ್ಲಿ ಒಬ್ಬ ನರ್ಸಮ್ಮ ಇದ್ದಳು. ಬೆಂಗಳೂರಿನಲ್ಲಿ ಗಾಯಗೊಂಡ ಸಿಪಾಯಿಗಳಿಗೆ ಕೈಕಾಲು ಆಡಿಸಿ ನಡೆಸುವ ಕೆಲಸ ಕಲಿತು ಬಂದವಳು. ತಮಿಳು ಬೆರೆಸಿ ಕನ್ನಡ ಮಾತಾಡುತ್ತಿದ್ದಳು. ಪಾಪಮ್ಮನ ಸೊಂಟ ಮುಟ್ಟಿ, ಪಾದ ಆಡಿಸಿ ನೋಡಿ ಕೇಳಿದಳು.

"ಬಸುರಿಯಾಗಿದ್ದಾಗ ಇಡುಪ್ಪು ನೋವಿತ್ತಲ್ಲವಾ, ಈ ಸೊಂಟ? ಆಗಲೇ ಕಟ್ಟು ಹಾಕಿ ಕೆಲಸ ಬಿಡಿಸಿದ್ರೆ ಇಷ್ಟು ಆಗ್ತಿರಲಿಲ್ಲ. ಯಾರೂ ನೋಡಲಿಲ್ಲವಾ?"

"ನಮ್ ಕದಿರತ್ತೆ ನೋಡಿದ್ರು" ಎಂದಳು ಪಾಪಮ್ಮ. "ಏನೂ ಇಲ್ಲ ಅಂದ್ರು. ಆಗ ಇನ್ನೂ ಏನೂ ಇರ್ಲಿಲ್ವೇನೋ."

ಆ ಹುಡುಗಿ ತನ್ನ ಪರವಾಗಿ ಮಾತಾಡುತ್ತಿದ್ದಾಳೆ ಎಂದು ಕದಿರಮ್ಮನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಮಡಿಲಿನ ಕೂಸಿಗೆ ಬಟ್ಟೆ ಸರಿಮಾಡಿದಳು.

ನರ್ಸಮ್ಮ ಸೊಂಟಕ್ಕೆ ಪಟ್ಟಿ ಕಟ್ಟಿದಳು. ಸೋತ ಪಾದವನ್ನು ದಿನವೂ ಮೇಲಕ್ಕೆ ಬಾಗಿಸಿ ಹಿಡಿಯಬೇಕು, ಬಟ್ಟೆಯ ಪಟ್ಟಿ ಹಾಕಿ ಎಳೆಯಬೇಕು, ಆಮೇಲೆ ಎರಡು ಬಿದಿರುಗಳ ನಡುವೆ ನಿಲ್ಲಿಸಿ ನಡೆಸಬೇಕು, ತಿಂಗಳುಗಟ್ಟಲೆ ಬಿಡದೆ ಮಾಡಿದರೆ ನರ ಚೇತರಿಸಿಕೊಳ್ಳಬಹುದು ಎಂದು ತೋರಿಸಿಕೊಟ್ಟಳು. ಮನೆಯಲ್ಲಿ ಇದನ್ನೆಲ್ಲ ಮಾಡಿಸುವವರು ಯಾರು ಎಂದು ಕೇಳಿದಳು.

"ನಾನು" ಎಂದಳು ಕದಿರಮ್ಮ.

ಪೆಟ್ರೋಲು ಸಿಗದ ಆ ದಿನಗಳಲ್ಲಿ ಇದ್ದಿಲ ಹೊಗೆಯಿಂದ ಓಡುತ್ತಿದ್ದ ಬಸ್ಸಿನಲ್ಲಿ ಕೂರಿಸಿಕೊಂಡು ಊರಿಗೆ ಕರೆತಂದರು. ಅಂದಿನಿಂದ ಕದಿರಮ್ಮನಿಗೆ ಬೇರೆ ಕೆಲಸವೇ ಇಲ್ಲವಾಯಿತು. ಬೆಳಗಾದರೆ ಪಾಪಮ್ಮನ ಹತ್ತಿರ ಹೋಗುವಳು. ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳನ್ನು ಬಿಡಿಸುವಳು. ಬೆನ್ನಿನ ಕೆಳಗೆ ಕೈಯಿಟ್ಟು ಹೊಟ್ಟೆಯನ್ನು ಒಳಕ್ಕೆಳೆದುಕೊಳ್ಳಲು ಹೇಳುವಳು. ಹಿತ್ತಲಲ್ಲಿ ಚಿನ್ನಪ್ಪ ಬಿದಿರು ನೆಟ್ಟು ಅಡ್ಡ ಕಟ್ಟಿಕೊಟ್ಟಿದ್ದ. ಅದರ ನಡುವೆ ಪಾಪಮ್ಮನನ್ನು ನಿಲ್ಲಿಸಿ, ಹಿಂದಿನಿಂದ ಸೊಂಟ ಹಿಡಿದು, ಅವಳ ಹೆಜ್ಜೆಗೆ ತನ್ನ ಹೆಜ್ಜೆ ಕೂಡಿಸುವಳು. ಕೂಸು ಅತ್ತರೆ ತಂದುಕೊಡುವಳು, ಕುಡಿಸಿಯಾದ ಮೇಲೆ ಮತ್ತೆ ನಡೆಸುವಳು.

ಮಳೆಗಾಲ ಮುಗಿಯುವ ಹೊತ್ತಿಗೆ ಹೆಬ್ಬೆರಳು ಅಲ್ಲಾಡಿತು. ಪಾಪಮ್ಮ ಅದನ್ನೇ ನೋಡುತ್ತ ಅಳುತ್ತ ನಕ್ಕಳು. ದೊಡ್ಡಮುನಿಯಮ್ಮ ಬಾವಿಕಟ್ಟೆಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು, "ಹೆತ್ತ ಮಗಳಿಗೂ ಯಾರೂ ಹಿಂಗ್ ಮಾಡಲ್ಲ ಕಣಮ್ಮ. ನಮ್ ಕದಿರಿ ಇಲ್ದಿದ್ರೆ ಈ ಹುಡುಗಿ ತೆವಳ್ಕೊಂಡೇ ಇರ್ಬೇಕಾಗಿತ್ತು." ಆ ಮಾತು ಕಿವಿಗೆ ಬಿದ್ದರೆ ಕದಿರಮ್ಮ ಬೇರೆ ದಾರಿ ಹಿಡಿಯುತ್ತಿದ್ದಳು. ಹೊಗಳಿದವರ ಮನೆಯಲ್ಲಿ ಮಜ್ಜಿಗೆಯನ್ನೂ ಕುಡಿಯುತ್ತಿರಲಿಲ್ಲ. ಊರಿನವರು ಅದನ್ನು ಅವಳ ಸಂಕೋಚ ಅಂದುಕೊಂಡರು.

ತಾಯಿ ನಡೆದಾಡಿದ ಮೇಲೆ ಕೂಸಿಗೆ ಹೆಸರಿಡುವುದು ಎಂದು ನಿಂತುಹೋಗಿತ್ತು. ಒಂದು ದಿನ ಬಿಸಿಲು ಕಾಯುತ್ತ ಬಿದಿರಿನ ನಡುವೆ ನಿಂತಿದ್ದಾಗ ಪಾಪಮ್ಮ ಹಿಂದಿರುಗಿ ನೋಡದೆಯೇ ಹೇಳಿದಳು.

"ಕದಿರತ್ತೆ, ಮನೇಲಿ ಎಲ್ರೂ ಮಾತಾಡ್ಕೊಂಡೀವಿ. ಕೂಸಿಗೆ ನಿಮ್ ಹೆಸ್ರೇ ಇಡಾಣ ಅಂತ."

ಕದಿರಮ್ಮನ ಕೈ ಅವಳ ಸೊಂಟದ ಮೇಲೆ ಹಾಗೇ ನಿಂತಿತು.

"ಬ್ಯಾಡ" ಎಂದಳು.

"ಯಾಕೆ?"

"ಅವತ್ತು ನಿನ್ನ ಮಲಗ್ಸಿ ನೋಡ್ದೆನಲ್ಲ. ನಿಂಗೇನೂ ಆಗಿಲ್ಲ ಅಂದ್ನಲ್ಲ. ಅದು ಸುಳ್ಳು."

ಪಾಪಮ್ಮ ಬಿದಿರು ಹಿಡಿದು ನಿಧಾನವಾಗಿ ತಿರುಗಿ ನಿಂತಳು. "ಸುಳ್ಳು ಅಂದ್ರೆ? ಗೊತ್ತಾಗ್ಲಿಲ್ಲ ಅಂತಲಾ?"

"ಗೊತ್ತಾಗಿತ್ತು."

"ಅವತ್ತೇ?"

"ಕೈಯಿಟ್ಟ ಕೂಡ್ಲೇ. ನಮ್ ಭದ್ರಿ ಇರ್ಬೇಕಾದ ಮನೇಲಿ ನೀನು ಬಂದು ಸೇರ್ಕೊಂಡೆ ಅಂತ ಹೊಟ್ಟೆಯುರಿ ನಂಗೆ. ಅದ್ಕೆ ಹಂಗಂದೆ. ಆಮೇಲೊಂದ್ ದಿನ ಕಟ್ಟು ಹಾಕಾಣ ಅಂತ ಹೊರ್ಟೆ. ನೀವಿಬ್ರೂ ನಗ್ತಿದ್ರಿ. ವಾಪಸ್ ಹೋಗ್ಬುಟ್ಟೆ."

ಪಾಪಮ್ಮನ ಮುಖದಲ್ಲಿ ಏನು ಬರುತ್ತದೆಂದು ಕದಿರಮ್ಮ ಕಾಯುತ್ತಿದ್ದಳು. ಬೈದಿದ್ದರೆ, ಹೊಡೆದಿದ್ದರೆ ಸುಲಭವಾಗುತ್ತಿತ್ತು.

"ಬೀಸುವಾಗ ನಂಗೆ ಎಷ್ಟು ನಾಚ್ಕೆ ಆಗ್ತಿತ್ತು ಗೊತ್ತಾ ನಿಮ್ಗೆ" ಎಂದಳು ಪಾಪಮ್ಮ ಕೊನೆಗೆ. "ನೋವಿಗಲ್ಲ. ಎಲ್ಲಾ ಹೆಂಗಸ್ರೂ ತಡ್ಕೊಂತಾರೆ, ನಾನೊಬ್ಳೇ ಮೈಗಳ್ಳಿ ಅಂತ. ನಮ್ಮವ್ವಂಗೆ ಹೇಳಿಕಳ್ಸಾಕೂ ನಾಚ್ಕೆ. ಅದನ್ನ ನಾನು ನಂಬ್ಬುಟ್ಟಿದ್ದೆ."

ಆಮೇಲೆ ಅವಳು ತನ್ನ ಸೊಂಟದ ಮೇಲೆ ಇನ್ನೂ ಇದ್ದ ಕದಿರಮ್ಮನ ಕೈಯನ್ನು ತೆಗೆದು ಕೆಳಗಿಟ್ಟಳು. ಬಿದಿರು ಹಿಡಿದುಕೊಂಡು, ಸೋತ ಪಾದವನ್ನು ನೆಲಕ್ಕೆ ಎಳೆಯುತ್ತ, ಒಬ್ಬಳೇ ಕೊನೆಯವರೆಗೂ ನಡೆದುಹೋದಳು. ಅಲ್ಲಿಂದ ಹೇಳಿದಳು, "ನಾಳೆಯಿಂದ ಬರ್ಬ್ಯಾಡಿ."

ಅವಳು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಕೂಸಿಗೆ ಅಂಚೆಟ್ಟಿಯ ಅಜ್ಜಿಯ ಹೆಸರಿಟ್ಟು ಪಾರ್ವತಮ್ಮ ಎಂದು ಕರೆದರು. ಸೊಸೆ ಹೀಗೇಕೆ ಮಾಡಿದಳೆಂದು ದೊಡ್ಡಮುನಿಯಮ್ಮ ಕೊರಗುತ್ತಿದ್ದಾಗ ಕದಿರಮ್ಮ ತಾನೇ ಹೋಗಿ ಅತ್ತಿಗೆಗೂ ಎಲ್ಲ ಹೇಳಿದಳು. ಹೇಳುವಾಗ ನಿಂತೇ ಇದ್ದಳು. ದೊಡ್ಡಮುನಿಯಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಮೆಲ್ಲಗೆ ಅಂದಳು.

"ಅವತ್ತು ನೀನು ಹಂಗಂದಾಗ ನಂಗೂ ಸಮಾಧಾನ ಆಯ್ತು ಕದಿರಿ. ಕಣ್ಣಿಗೆ ಕಾಣ್ತಿತ್ತು, ಹುಡುಗಿ ನಾಟಕ ಆಡ್ತಿಲ್ಲ ಅಂತ. ಆದ್ರೂ ನಂಗೆ ಬೇಕಾಗಿದ್ದು ಆ ಮಾತೇ. ಇಲ್ದಿದ್ರೆ ಬೀಸಾದು ನನ್ ಪಾಲಿಗೆ ಬರ್ತಿತ್ತು."

ಅದರಿಂದ ಕದಿರಮ್ಮನ ಭಾರ ಇಳಿಯಲಿಲ್ಲ. ಇಬ್ಬರು ಸೇರಿ ಒಂದು ಹುಡುಗಿಯನ್ನು ಹೀಗೆ ಮಾಡಿದೆವಲ್ಲ ಎಂದು ಇನ್ನೂ ಕುಗ್ಗಿದಳು. ಕೈಯಲ್ಲಿ ಎಣ್ಣೆ ಮುಟ್ಟುವುದನ್ನೇ ಬಿಟ್ಟಳು. ಬಸುರಿಯರು ಬಂದರೆ ಮೈ ಹುಷಾರಿಲ್ಲ ಎಂದು ಕಳಿಸಿಬಿಡುತ್ತಿದ್ದಳು. ತೊಲೆಯ ಹಗ್ಗ ಬಿಚ್ಚಿ ಅಣ್ಣನ ಎತ್ತುಗಳಿಗೆ ಕೊಟ್ಟಳು. ಗೋಡೆಯಾಚೆ ಚಿನ್ನಪ್ಪ ಹೆಂಡತಿಯ ಪಾದಕ್ಕೆ ಪಟ್ಟಿ ಹಾಕಿ ಎಳೆಸುವುದು ಕೇಳಿಸುತ್ತಿತ್ತು. ಅವನು ತಪ್ಪಾಗಿ ಎಳೆಯುತ್ತಿದ್ದಾನೆ ಎಂದು ಪಾಪಮ್ಮನ ಉಸಿರಿನಿಂದಲೇ ಗೊತ್ತಾಗುತ್ತಿತ್ತು. ಕೂಗಿ ಹೇಳುವ ಹಕ್ಕು ತನಗಿಲ್ಲವೆಂದು ಸುಮ್ಮನಿರುತ್ತಿದ್ದಳು.

ಮುಂದಿನ ವರ್ಷ ಭದ್ರಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ತಾಯಿ ತನ್ನನ್ನೂ ಮುಟ್ಟದಿರುವುದು ಕಂಡು ಕೇಳಿದಳು. ಕದಿರಮ್ಮ ಮಗಳಿಗೂ ಹೇಳಿದಳು. ನಿನಗಾಗಿ ಉರಿದೆ ಎಂದಳು.

ಭದ್ರಮ್ಮ ತಾಯಿಯನ್ನು ಬೆರಗಿನಿಂದ ನೋಡಿದಳು. "ಚಿನ್ನಪ್ಪನ್ನ ಮದ್ವೆ ಆಗ್ಬೇಕು ಅಂತ ನಾನ್ಯಾವತ್ತವ್ವ ಅಂದಿದ್ದೆ? ನಾವಿಬ್ರೂ ಒಂದೇ ತಟ್ಟೇಲಿ ಉಂಡು ಬೆಳ್ದೋರು. ನಂಗೆ ಅವ್ನು ಅಣ್ಣನಂಗೆ. ನಿನ್ನ ಆಸೆ ಅದು."

ಕದಿರಮ್ಮನಿಗೆ ಉಳಿದಿದ್ದ ಒಂದೇ ನೆಪವೂ ಹೋಯಿತು. ಮಗಳಿಗಾಗಿ ಮಾಡಿದೆ ಎಂದುಕೊಳ್ಳುವಷ್ಟಾದರೂ ಜಾಗವಿತ್ತು. ಅದೂ ಇಲ್ಲದೆ ಅವಳು ಗೋಡೆಗೊರಗಿ ಕೂತಳು. ಭದ್ರಮ್ಮನೇ ಎಣ್ಣೆಯ ಬಟ್ಟಲು ತಂದು ಮುಂದಿಟ್ಟು ಬೆನ್ನು ತಿರುಗಿಸಿ ಕೂತಳು. ಕದಿರಮ್ಮ ಬೆನ್ನು ಮುಟ್ಟಿ, "ಎಲ್ಲಿ ನೋಯ್ತದೆ, ನೀನೇ ಹೇಳು" ಎಂದಳು. ಮೊದಲೆಲ್ಲ ಅವಳು ಹೀಗೆ ಕೇಳಿದವಳಲ್ಲ. ಕೈ ಹೇಳಿದ್ದೇ ಸಾಕು ಅನ್ನುವವಳು. ಭದ್ರಮ್ಮನ ಹೆರಿಗೆ ಸುಸೂತ್ರವಾಯಿತು. ಆಮೇಲೆ ಬಂದ ಹೆಂಗಸರನ್ನು ಅವಳು ಹಿಂದಕ್ಕೆ ಕಳಿಸಲಿಲ್ಲ. ಆದರೆ ಅತ್ತೆಯರನ್ನು ಅಂಗಳದಲ್ಲೇ ಕೂರಿಸಿ, ಬಸುರಿಯನ್ನು ಮಾತ್ರ ಒಳಗೆ ಕರೆದು ಕೇಳುವುದು ರೂಢಿಯಾಯಿತು.

ಸ್ವಾತಂತ್ರ್ಯ ಬಂದ ವರ್ಷ, ಅವರೆ ಹೂವಾಡುವ ಕಾಲಕ್ಕೆ, ಪಾಪಮ್ಮ ಅವಳ ಬಾಗಿಲಿಗೆ ಬಂದಳು. ಪಾದ ಬಹುಮಟ್ಟಿಗೆ ಚೇತರಿಸಿಕೊಂಡಿತ್ತು. ದಣಿದಾಗ ಮಾತ್ರ ತುಸು ಎಳೆಯುತ್ತಿತ್ತು. ಮತ್ತೆ ಬಸುರಾಗಿದ್ದಳು. ಅಷ್ಟು ವರ್ಷ ಗೋಡೆಯಾಚೆಗೇ ಇದ್ದರೂ ಹೊಸಿಲು ತುಳಿದಿರಲಿಲ್ಲ.

"ಮತ್ತೆ ಅದೇ ನೋವು ಶುರುವಾಗೈತೆ" ಎಂದಳು. "ನಾನೇನೂ ಮರ್ತಿಲ್ಲ ಕದಿರತ್ತೆ. ಮರೀತೀನಿ ಅಂತ ಅನ್ಕೋಬ್ಯಾಡಿ. ಆದ್ರೆ ಇದು ಗೊತ್ತಿರೋರು ಬೇರೆ ಯಾರೂ ಇಲ್ಲ."

"ಒಳಗ್ ಬಾ" ಎಂದಳು ಕದಿರಮ್ಮ.

"ಏನಿದ್ರೂ ನಂಗೆ ಹೇಳ್ಬೇಕು. ನಮ್ಮತ್ತೆಗಲ್ಲ."

"ನಿಂಗೇ ಹೇಳ್ತೀನಿ."

ಕದಿರಮ್ಮ ಮುಟ್ಟಿ ನೋಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಂದೇ ಕಟ್ಟು ಹಾಕಿದಳು. ಮಗ್ಗುಲಾಗಿ ಮಲಗಿ ಹೆರುವುದನ್ನು, ಮೊಣಕಾಲುಗಳ ನಡುವೆ ಬಟ್ಟೆಯ ಸುರುಳಿ ಇಟ್ಟುಕೊಳ್ಳುವುದನ್ನು, ಉಸಿರನ್ನು, ಎಲ್ಲವನ್ನೂ ತಿಂಗಳುಗಳ ಮುಂಚೆಯೇ ಕಲಿಸಿದಳು. ಆ ಮನೆಯ ನೀರು ತರುವುದಕ್ಕೂ ಬೀಸುವುದಕ್ಕೂ ತಾನೇ ಹೋದಳು. ದೊಡ್ಡಮುನಿಯಮ್ಮ ಎದುರಿಗೆ ಕೂತು ಬೀಸುಕಲ್ಲಿನ ಗೂಟಕ್ಕೆ ಕೈ ಹಾಕುತ್ತಿದ್ದಳು. ನೋವು ಶುರುವಾಗುವ ಮುಂಚೆಯೇ ಗಾಡಿ ಕಟ್ಟಿಸಿ ಪೇಟೆಯ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಹಟ ಹಿಡಿದವಳೂ ಕದಿರಮ್ಮನೇ. ಅಲ್ಲಿ ಗಂಡು ಮಗುವಾಯಿತು. ಮೂರನೆಯ ದಿನ ಪಾಪಮ್ಮ ಗೋಡೆ ಹಿಡಿಯದೆ ನಿಂತಳು.

ಆ ಬೆಳಿಗ್ಗೆ ಕದಿರಮ್ಮ ಆಸ್ಪತ್ರೆಯ ಹಿಂದಿನ ಬೇವಿನ ಮರದ ಕೆಳಗೆ ಹೋಗಿ ಕೂತು ಅತ್ತಳು. ಸಂತೋಷಕ್ಕಷ್ಟೇ ಅಲ್ಲ. ಇಷ್ಟು ಮಾಡಿದ್ದರೆ ಸಾಕಾಗಿತ್ತಲ್ಲ, ಆಗಲೂ ಇಷ್ಟೇ ಸಾಕಾಗಿತ್ತಲ್ಲ ಎಂದು. ಅವಳು ಪಾಪಮ್ಮನ ಹತ್ತಿರ ಕ್ಷಮೆಯ ಮಾತೆತ್ತಲಿಲ್ಲ. ಪಾಪಮ್ಮನೂ ಎತ್ತಲಿಲ್ಲ.

ಎರಡು ವರ್ಷವಾದ ಮೇಲೆ ಅಂಚೆಟ್ಟಿಯಿಂದ ಪಾಪಮ್ಮನ ತಂಗಿ ಬಂದಳು. ಏಳು ತಿಂಗಳ ಬಸುರಿ, ಬಸ್ಸು ಸಿಗದೆ ಬೆಟ್ಟದ ದಾರಿಯಲ್ಲಿ ಬಹಳ ದೂರ ನಡೆದು ಬಂದಿದ್ದಳು. ಪಾಪಮ್ಮ ಅವಳ ಕೈಹಿಡಿದು ಕದಿರಮ್ಮನ ಮನೆಗೆ ಕರೆತಂದು ಚಾಪೆಯ ಮೇಲೆ ಕೂರಿಸಿದಳು. ತಾನು ಹೊರಗೆ ಹೋಗಲಿಲ್ಲ. ತಂಗಿಯ ತಲೆಯ ಹತ್ತಿರ ಕೂತು, ಕದಿರಮ್ಮ ಎಣ್ಣೆ ಹಚ್ಚಿ, ಒತ್ತಿ, ಕೇಳಿ, ಹೇಳಿ ಮುಗಿಸುವವರೆಗೂ ಅವಳ ಕೈಗಳ ಮೇಲಿಂದ ಕಣ್ಣು ತೆಗೆಯಲಿಲ್ಲ. ಕದಿರಮ್ಮನಿಗೆ ಅದು ಗೊತ್ತಿತ್ತು. ತಲೆ ತಗ್ಗಿಸಿಕೊಂಡು ಕೆಲಸ ಮಾಡಿದಳು.